ನಕ್ಷೆಯಿಂದ ಅಳಿಸಿದ ಕಾಫಿ ಗಿಡಗಳು

ಹೋದ ಶನಿವಾರ ಹುಳಿಪುಡಿಗೆಂದು ಕೊತ್ತಂಬರಿ ಬೀಜ ಹುರಿಯುತ್ತಿದ್ದೆ. ಪಕ್ಕದಲ್ಲಿ ನಮ್ಮನೆಯವರು ಕಾಫಿ ಯಂತ್ರದ ಗುಂಡಿ ಒತ್ತಿದ್ದರು. ಬೀಜ ಕೆಂಪಾಗುವ ಹೊತ್ತಿಗೆ ಕಾಫಿಯೂ ಇಳಿಯತೊಡಗಿತು. ಎರಡರ ಘಮವೂ ಬೆರೆತು ಅಡುಗೆಮನೆ ತುಂಬಿದಾಗ ಸೌಟು ಹಿಡಿದ ನನ್ನ ಕೈ ಹಾಗೇ ನಿಂತುಬಿಟ್ಟಿತು. "ಸೀದು ಹೋಗ್ತಿದೆ ಕಣೇ," ಎಂದು ಅವರು ಬಂದು ಒಲೆ ಆರಿಸಿದರು. ನಾನು ಆಗ ಅಲ್ಲಿರಲಿಲ್ಲ. ಮೇಲಿನ ಮನೆಯ ಅಕ್ಕನ ಅಡುಗೆಮನೆಯಲ್ಲಿದ್ದೆ…

ಸ್ಟಾಕ್‌ಹೋಮಿನ ಹೊರವಲಯದ ಸೊಲ್ಲೆಂಟುನಾದ ಈ ಮನೆಗೆ ನಾವು ಬಂದ ಮೊದಲ ಚಳಿಗಾಲ. ಒಂದು ಮಧ್ಯಾಹ್ನ ಮೇಲಿನ ಮನೆಯ ಸ್ಮೋಕ್ ಅಲಾರಂ ಕಿರುಚತೊಡಗಿತು. ಮಗಳನ್ನು ಎತ್ತಿಕೊಂಡು ಮೆಟ್ಟಿಲು ಹತ್ತಿದೆ. ಬಾಗಿಲು ತೆರೆದೇ ಇತ್ತು. ಒಳಗೆ ಐವತ್ತು ದಾಟಿದ ಒಬ್ಬ ಸಣ್ಣ ಹೆಂಗಸು ಕುರ್ಚಿಯ ಮೇಲೆ ನಿಂತು, ಸ್ವೆಟರಿನ ತೋಳು ಮಡಚಿ, ಚಾವಣಿಯತ್ತ ಟವೆಲ್ಲು ಬೀಸುತ್ತಿದ್ದರು. ನನ್ನನ್ನು ಕಂಡು "ಬೆಂಕಿ ಅಲ್ಲ, ಕಾಫಿ, ಬರೀ ಕಾಫಿ!" ಎಂದು ಸ್ವೀಡಿಷಿನಲ್ಲಿ ಕೂಗಿದರು. ಆಮೇಲೆ ನನ್ನ ಹಣೆಯ ಬೊಟ್ಟು ನೋಡಿ ದನಿ ತಗ್ಗಿಸಿ ಕೇಳಿದರು, "ತಮಿಳಾ?"

"ಅಲ್ಲ, ಕನ್ನಡ. ಬೆಂಗಳೂರು. ತಮಿಳು ಸ್ವಲ್ಪ ಬರತ್ತೆ."

"ಸ್ವಲ್ಪ ಸಾಕು. ಕೂತ್ಕೊ."

ಅಂದಿನಿಂದ ಅವರು ನನಗೆ ಅಕ್ಕ, ನಾನು ಅವರಿಗೆ ತಂಗಚ್ಚಿ. ನಮ್ಮಿಬ್ಬರ ಮಾತು ನನ್ನ ಬೀದಿ ತಮಿಳಿನಲ್ಲಿ ಶುರುವಾಗಿ, ಅವರ ಬೆಟ್ಟದ ತಮಿಳಿನಲ್ಲಿ ಹರಿದು, ಪದ ಸಿಗದಲ್ಲಿ ಸ್ವೀಡಿಷಿಗೆ ಹೊರಳುತ್ತಿತ್ತು. ಇಲ್ಲಿ ಅದನ್ನೆಲ್ಲ ಕನ್ನಡದಲ್ಲೇ ಬರೆಯುತ್ತಿದ್ದೇನೆ.

ಅವರು ಶ್ರೀಲಂಕಾದ ನಡುಬೆಟ್ಟದವರು. ಎಂಬತ್ತರ ದಶಕದ ಗಲಭೆಯಲ್ಲಿ ಚಿಕ್ಕಪ್ಪನ ಜೊತೆ ದ್ವೀಪ ಬಿಟ್ಟು ಇಲ್ಲಿಗೆ ಬಂದಿದ್ದರು. ಗಂಡ ತೀರಿಹೋಗಿ ಬಹಳ ಕಾಲವಾಗಿತ್ತು, ಮಕ್ಕಳಿರಲಿಲ್ಲ. ವೃದ್ಧರನ್ನು ನೋಡಿಕೊಳ್ಳುವ ಕೆಲಸ. ಊರಲ್ಲಿ ಉಳಿದಿದ್ದವನು ತಮ್ಮ ಒಬ್ಬನೇ. ಯಾರಾದರೂ ಆ ಕಡೆಯಿಂದ ಬರುವವರಿದ್ದರೆ ಅವರ ಕೈಯಲ್ಲಿ ಅವನು ಒಣಗಿದ ಕಾಫಿ ಬೀಜ ಕಳಿಸುತ್ತಿದ್ದ. ಅದನ್ನೇ ಅಕ್ಕ ಬಾಣಲೆಯಲ್ಲಿ ಹುರಿದು, ಕೊತ್ತಂಬರಿ ಬೀಜ, ಒಣಶುಂಠಿ ಹಾಕಿ ಕುಟ್ಟಿ, ಹಾಲಿಲ್ಲದೆ ಕುದಿಸಿ ಕೊಟ್ಟರು. ಜೊತೆಗೆ ಕಚ್ಚಿಕೊಳ್ಳಲು ಒಂದು ಚೂರು ಬೆಲ್ಲ. ಹಾಲು, ಚಿಕೋರಿಗೆ ಒಗ್ಗಿದ ನನ್ನ ನಾಲಿಗೆಗೆ ಮೊದಲು ಶುಂಠಿಯ ಖಾರವೊಂದೇ ಗೊತ್ತಾಯಿತು. ಅದು ಇಳಿದ ಮೇಲೆ ಕಿತ್ತಳೆ ಸಿಪ್ಪೆಯಂಥ ಒಂದು ಸಣ್ಣ ಹುಳಿ ಬಂತು. ಕೊನೆಗೆ ಉಳಿದ ಕಹಿ ಮಾತ್ರ ಸಂಜೆಯವರೆಗೂ ಗಂಟಲು ಬಿಡಲಿಲ್ಲ.

"ನಮ್ಮವರು ಟೀ ಎಲೆ ಕೀಳೋಕೆ ಆ ದ್ವೀಪಕ್ಕೆ ಹೋದ್ರು ಅಂತ ಎಲ್ಲಾರೂ ಅಂದ್ಕೊಂಡಿದಾರೆ," ಎಂದರು ಒಂದು ದಿನ. "ಮೊದಲು ಹೋಗಿದ್ದು ಕಾಫಿಗೆ, ತಂಗಚ್ಚಿ."

ಅವರ ಮುತ್ತಜ್ಜನ ಕಾಲದವರು ತಮಿಳು ಸೀಮೆಯ ಒಣ ನೆಲದಿಂದ ದೋಣಿಯಲ್ಲಿ ಕಡಲು ದಾಟಿದ್ದರಂತೆ. ಆಮೇಲೆ ಕಾಡಿನ ದಾರಿಯಲ್ಲಿ ದಿನಗಟ್ಟಲೆ ನಡಿಗೆ. ಜ್ವರಕ್ಕೆ, ವಾಂತಿಭೇದಿಗೆ ದಾರಿಯಲ್ಲೇ ಬಿದ್ದವರನ್ನು ಅಲ್ಲೇ ಬಿಟ್ಟು ಉಳಿದವರು ಬೆಟ್ಟ ಹತ್ತಿದರು. ಬಿಳಿಯ ದೊರೆಗಳ ಕಾಫಿ ತೋಟಗಳು ಬೆಟ್ಟದಿಂದ ಬೆಟ್ಟಕ್ಕೆ ಹಬ್ಬಿದವು. ಅಷ್ಟರಲ್ಲಿ ಎಲೆಗಳಿಗೆ ತುಕ್ಕು ರೋಗ ಬಂತು. ಎಲೆಯ ಅಡಿಯಲ್ಲಿ ಅರಿಸಿನ ಚೆಲ್ಲಿದ ಹಾಗೆ ಪುಡಿ ಕಾಣಿಸಿಕೊಂಡು, ಕೆಲವೇ ವರ್ಷಗಳಲ್ಲಿ ತೋಟಕ್ಕೆ ತೋಟವೇ ಬೋಳಾಯಿತು. ದೊರೆಗಳು ಕಾಫಿ ಕಿತ್ತು ಟೀ ನೆಟ್ಟರು. ಕೂಲಿಗಳು ಒಂದೇ ಸಾಲಿಗೆ ಕಟ್ಟಿದ ಅದೇ ಲೈನ್ ಮನೆಗಳಲ್ಲಿ ಉಳಿದರು. ಎಲ್ಲೋ ಚರಂಡಿಯ ಅಂಚಿಗೆ, ಬಾವಿಯ ಪಕ್ಕಕ್ಕೆ, ಹಿತ್ತಿಲ ಮೂಲೆಗೆ ಕೆಲವು ಕಾಫಿ ಗಿಡಗಳೂ ಉಳಿದುಕೊಂಡವು. ಹೆಂಗಸರು ಪಾತ್ರೆ ತೊಳೆದ ನೀರು ಹಾಕಿ ಅವನ್ನು ಬೆಳೆಸಿದರು, ಬೀಜದಿಂದ ಮತ್ತೆ ಸಸಿ ಮಾಡಿದರು. ಅಕ್ಕನ ತಮ್ಮ ಕಳಿಸುತ್ತಿದ್ದದ್ದು ಆ ಗಿಡಗಳ ಹಣ್ಣು. ಗಿಡ ಇವರದು, ಆದರೆ ಲೈನ್ ಮನೆಯ ನೆಲ ಇಂದಿಗೂ ಎಸ್ಟೇಟಿನದು. ಆ ಮಾತನ್ನು ಅಕ್ಕ ಅಂದು ಹಾಗೇ ಹೇಳಿ ಮುಂದೆ ಹೋದರು, ನಾನೂ ಹಾಗೇ ಕೇಳಿದೆ.

ಉಪ್ಸಾಲಾದಲ್ಲಿ ಸ್ವಂತ ಕೈಯಿಂದ ಕಾಫಿ ಹುರಿದು ಮಾರುವ ಒಬ್ಬ ಸ್ವೀಡಿಷ್ ವ್ಯಾಪಾರಿ ಇದ್ದ. ಅಕ್ಕ ನೋಡಿಕೊಳ್ಳುತ್ತಿದ್ದ ವೃದ್ಧರೊಬ್ಬರ ಮಗ. ಅಪ್ಪನನ್ನು ನೋಡಲು ಬಂದಾಗ ಅಕ್ಕ ಮಾಡಿದ ಕಾಫಿ ಕುಡಿದು ಲೋಟ ಕೆಳಗಿಟ್ಟವನು, "ಇದು ಎಲ್ಲಿಂದ ಬಂತು?" ಎಂದು ಕೇಳಿದನಂತೆ. ಆಮೇಲೆ ಬೀಜ ತೆಗೆದುಕೊಂಡು ಹೋಗಿ ತನ್ನ ಹದದಲ್ಲಿ ಹುರಿದು ನೋಡಿದ. ಕೊಯ್ಲು ಪೂರ್ತಿ ತಾನೇ ಕೊಳ್ಳುತ್ತೇನೆ, ದ್ವೀಪದಿಂದ ನೇರವಾಗಿ ತರಿಸುತ್ತೇನೆ ಎಂದ. ಒಂದೇ ಷರತ್ತು. ಕಾಡು ಕಡಿದು ಬೆಳೆದ ಕಾಫಿಯಲ್ಲ ಎಂದು ತೋರಿಸಬೇಕಾದ ನಿಯಮ ಯೂರೋಪಿಗೆ ಬರಲಿದೆ, ಆದ್ದರಿಂದ ಒಂದೊಂದು ಗಿಡ ನಿಂತ ಜಾಗವನ್ನೂ ನಕ್ಷೆಯಲ್ಲಿ ಗುರುತಿಸಿ ಕೊಡಬೇಕು. ಒಳ್ಳೆಯ ಮನುಷ್ಯ. "ಹಣ್ಣು ಬಿಡಿಸಿದವರ ಹೆಸರನ್ನೇ ಪೊಟ್ಟಣದ ಮೇಲೆ ಹಾಕಿಸ್ತೀನಿ," ಎಂದಿದ್ದ. ಅದು ಅವನ ಮನಸ್ಸಿನಿಂದ ಬಂದ ಮಾತೇ.

ಕಿಸ್ತಾದ ಕಂಪನಿಯಲ್ಲಿ ನಕ್ಷೆಗಳ ಮೇಲೇ ನನ್ನ ಕೆಲಸ. ಅಕ್ಕ ಕೇಳಿದಾಗ ಖುಷಿಯಿಂದ ಒಪ್ಪಿದೆ. ಊರಿನಲ್ಲಿ ತಮ್ಮ ಲೈನಿನಿಂದ ಲೈನಿಗೆ ನಡೆದು ಫೋನಿನಲ್ಲಿ ಜಾಗ ಗುರುತಿಸುತ್ತಿದ್ದ. ನಕ್ಷೆ ನನ್ನ ಲ್ಯಾಪ್‌ಟಾಪಿನಲ್ಲೂ ಅವನ ಫೋನಿನಲ್ಲೂ ಒಂದೇ. ಅವನು ಅಲ್ಲಿ ಚುಕ್ಕೆ ಇಟ್ಟರೆ ಇಲ್ಲಿ ಕಾಣುತ್ತಿತ್ತು, ನಾನು ಇಲ್ಲಿ ತಿದ್ದಿದರೆ ಅಲ್ಲಿ ಬದಲಾಗುತ್ತಿತ್ತು. ಭಾನುವಾರ ಅಕ್ಕ ನನ್ನ ಪಕ್ಕ ಕೂತು ಒಂದೊಂದು ಚುಕ್ಕೆಗೂ ಹೆಸರು ಹೇಳುತ್ತಿದ್ದರು. "ಇದು ಮಾರಿಯಮ್ಮನ ಗುಡಿ ಹಿಂದಿನ ಮನೆ. ಇದು ಸೊಸೈಟಿ ಪಕ್ಕ. ಇದು… ಇದು ನಾನು ಹುಟ್ಟಿದ ಮನೆ." ಪರದೆಯ ಮೇಲಿನ ತಗಡಿನ ಮಾಡನ್ನು ಬೆರಳಿನಿಂದ ಮುಟ್ಟುತ್ತಿದ್ದರು.

ದ್ವೀಪದಲ್ಲಿ ಅದು ಬಹಳ ಕೆಟ್ಟ ವರ್ಷ. ಪೆಟ್ರೋಲಿಗೆ ಸಾಲು, ಗ್ಯಾಸಿಗೆ ಸಾಲು, ಹಾಲಿನ ಪುಡಿ ಸಿಗದೆ ಮಕ್ಕಳಿಗೆ ಬರೀ ಟೀ. ಲೈನ್ ಮನೆಯ ಹೆಂಗಸರು ಒಂದು ಹಣ್ಣನ್ನೂ ಹಕ್ಕಿಗೆ ಬಿಡದೆ ಕೊಯ್ದು, ಚಾಪೆಯ ಮೇಲೆ ಒಣಗಿಸಿ, ಮಂಚದ ಕೆಳಗೆ ಜೋಪಾನ ಮಾಡಿದ್ದರು. ಸ್ವೀಡನ್ ಅಕ್ಕ ಕೊಳ್ಳುತ್ತಾರೆ ಎಂಬುದು ಬೆಟ್ಟವೆಲ್ಲ ಹರಡಿತು. ಎಸ್ಟೇಟಿನ ಬಂಗಲೆಗೂ ತಲುಪಿತು.

ಒಂದು ಸಂಜೆ ತಮ್ಮನ ಫೋನು ಬಂದಾಗ ನಾನು ಅಲ್ಲೇ ಇದ್ದೆ. ಅಕ್ಕ ಸ್ಪೀಕರ್ ಹಾಕಿದ್ದರು.

"ಹೊಸ ಮ್ಯಾನೇಜರ್ ಆಳು ಕಳಿಸಿದ್ದ. ನೆಲ ಎಸ್ಟೇಟಿಂದು, ಗಿಡಾನೂ ಎಸ್ಟೇಟಿಂದೇ, ಕಿತ್ತವನು ಕಳ್ಳ ಅಂತಾನೆ. ಮೇಲಿನ ಲೈನಿನಲ್ಲಿ ಎರಡು ಗಿಡ ಕಡಿಸಿಬಿಟ್ಟ, ಅಕ್ಕ."

"ಯಾರ ಗಿಡ?"

ಅವನು ಹೆಸರು ಹೇಳಿದ. ಅಕ್ಕ ಕಣ್ಣು ಮುಚ್ಚಿಕೊಂಡರು.

"ಇಷ್ಟಕ್ಕೇ ನಿಲ್ಲಿಸೋಣ," ಎಂದರು.

"ನಿಲ್ಲಿಸೋದಾ? ಜನ ಮನೇಲಿ ಕಾಫಿ ಇಟ್ಕೊಂಡು ಕೂತಿದಾರೆ. ನೀನು ಅಲ್ಲಿ ಕೂತು ನಿಲ್ಲಿಸು ಅಂತೀಯ. ಇಲ್ಲಿ ಬಾಗಿಲಿಗೆ ಬಂದು ಕೇಳೋದು ನನ್ನನ್ನ!"

ಮುಂದಿನ ವಾರಗಳಲ್ಲಿ ಫೋನು ಬಂದರೆ ಅಕ್ಕನ ಮುಖ ಬಿಳಚಿಕೊಳ್ಳುತ್ತಿತ್ತು. ಕೆಲಸಕ್ಕೆ ಹೊರಟವರು ಮೆಟ್ಟಿಲ ನಡುವೆ ನಿಂತು ಫೋನು ನೋಡುತ್ತಿದ್ದರು. ಎಸ್ಟೇಟಿನ ಕಾವಲಿನವರಿಗೆ ಇನ್ನೂ ಯಾವ ಗಿಡ ಯಾರದು ಎಂದು ಸರಿಯಾಗಿ ಗೊತ್ತಿರಲಿಲ್ಲ. ಲೈನುಗಳು ದೂರ ದೂರ, ಗಿಡಗಳು ಪೊದೆಗಳ ನಡುವೆ. ಆದರೆ ನಮ್ಮ ನಕ್ಷೆಯಲ್ಲಿ ಎಲ್ಲವೂ ಇತ್ತು. ಮನೆ, ಗಿಡ, ಮನೆಯವರ ಹೆಸರು… ಅದನ್ನು ಅಷ್ಟು ಅಚ್ಚುಕಟ್ಟಾಗಿ ಮಾಡಿದ್ದವಳು ನಾನೇ. ಅದು ಅವರ ಕೈಗೆ ಸಿಕ್ಕರೆ ಏನಾಗುತ್ತದೆಂದು ಅಕ್ಕನಿಗೆ ಹೊಳೆದಿತ್ತು, ನನಗೂ ಹೊಳೆದಿತ್ತು. ಇಬ್ಬರೂ ಬಾಯಿಬಿಟ್ಟು ಆಡಿರಲಿಲ್ಲ.

ಉಪ್ಸಾಲಾದ ವ್ಯಾಪಾರಿ ಒಂದು ದಿನ ಗೊತ್ತು ಮಾಡಿದ. ಸ್ಟಾಕ್‌ಹೋಮಿನ ಹೋಟೆಲುಗಳವರು, ಒಬ್ಬ ದೊಡ್ಡ ಆಮದುದಾರ, ಎಲ್ಲರೂ ಬಂದು ರುಚಿ ನೋಡುವುದು, ನಕ್ಷೆ ನೋಡುವುದು, ಅಲ್ಲೇ ಒಪ್ಪಂದ. ಅದರ ಹಿಂದಿನ ಸಂಜೆ, ಬೆಳಗ್ಗೆ ಪೊಲೀಸ್ ಠಾಣೆಗೆ ಬಾ ಎಂದು ತಮ್ಮನಿಗೆ ಹೇಳಿಕಳಿಸಿದ್ದರು. "ಸುಮ್ಮನೆ ವಿಚಾರಣೆ. ನೀನು ಹೋಗಿ ಕೆಲಸ ಮುಗಿಸು," ಎಂದಿದ್ದ.

ನಾವಿಬ್ಬರೂ ಪೆಂಡೆಲ್ ಎಂಬ ಲೋಕಲ್ ರೈಲು ಹತ್ತಿದೆವು. ಹೊರಗೆ ಅರೆಕರಗಿದ ಹಿಮ, ಬೂದುಬಣ್ಣದ ಹೊಲ. ಅಕ್ಕ ಫೋನನ್ನು ಎರಡು ಕೈಯಲ್ಲೂ ಹಿಡಿದಿದ್ದರು. ಆರ್ಲಾಂಡಾ ವಿಮಾನ ನಿಲ್ದಾಣದ ಬಳಿ ರೈಲು ನೆಲದಡಿಗೆ ಇಳಿದಾಗ ಸಿಗ್ನಲ್ ಹೋಯಿತು. "ಹೋಯ್ತು ನೋಡು, ಈಗಲೇ ಕರೆದರೆ?" ಎಂದು ಎದ್ದೇ ನಿಂತರು. ಸುರಂಗ ಮುಗಿಯುವವರೆಗೂ ಕೂರಲಿಲ್ಲ. ಆ ಹೊತ್ತಿನಲ್ಲಿ ಯಾರೂ ಕರೆದಿರಲಿಲ್ಲ.

ಅಂಗಡಿಯ ಹಿಂಭಾಗದ ಉದ್ದನೆಯ ಕೋಣೆ. ಮೇಜಿನ ಮೇಲೆ ಸಾಲಾಗಿ ಕಾಫಿ ಬಟ್ಟಲುಗಳು. ಬಂದವರು ಚಮಚದಲ್ಲಿ ತೆಗೆದು ಸುರ್ರೆಂದು ಎಳೆದು, ತಲೆಯಾಡಿಸಿ, ಮತ್ತೆ ನಮ್ಮ ಬೀಜದ ಬಟ್ಟಲಿಗೇ ಬರುತ್ತಿದ್ದರು. ಆಮದುದಾರ ಬೇರೆ ಬಟ್ಟಲುಗಳನ್ನು ಬಿಟ್ಟು ಇದೊಂದರ ಮುಂದೆಯೇ ನಿಂತ. ವ್ಯಾಪಾರಿಯ ಮುಖ ಅರಳಿತು. "ಇನ್ನು ಇದು ಬೆಳೆದ ಜಾಗ ನೋಡೋಣ," ಎಂದ. ನಾನು ಲ್ಯಾಪ್‌ಟಾಪ್ ಜೋಡಿಸಿದೆ. ಬಿಳಿ ಗೋಡೆಯ ಮೇಲೆ ಹಸಿರು ಬೆಟ್ಟ, ಅದರ ತುಂಬ ಕೆಂಪು ಚುಕ್ಕೆಗಳು.

ಆಗಲೇ ಫೋನು ಬಂತು. ತಮ್ಮನ ಹೆಂಡತಿ. ಅಳುವಿನ ನಡುವೆ ಆಡಿದ ಮಾತು ಪಕ್ಕದಲ್ಲಿದ್ದ ನನಗೂ ಕೇಳಿಸುತ್ತಿತ್ತು. ಬೆಳಗ್ಗೆ ಹೋದವನನ್ನು ಬಿಟ್ಟಿಲ್ಲ. ಫೋನು ಕಿತ್ತುಕೊಂಡಿದ್ದಾರೆ. ಲಾಕ್ ತೆಗೆ, ಯಾರ್ಯಾರ ಮನೆಯಿಂದ ಕಾಫಿ ತಂದೆ ತೋರಿಸು ಎಂದು ಕೂರಿಸಿದ್ದಾರೆ. ಎಸ್ಟೇಟಿನವನೂ ಅಲ್ಲೇ ಕೂತಿದ್ದಾನೆ. ಹೊಡೆದಿದ್ದಾರೋ ಇಲ್ಲವೋ ಗೊತ್ತಿಲ್ಲ…

ಅಕ್ಕ ಫೋನು ಕೆಳಗಿಟ್ಟು ನನ್ನ ಕಿವಿಯ ಹತ್ತಿರ ಬಂದರು.

"ಇಲ್ಲಿಂದ ಅಳಿಸಿದ್ರೆ ಅವನ ಫೋನಿಂದಲೂ ಹೋಗತ್ತಾ?"

"ಹೋಗತ್ತೆ. ಆದ್ರೆ ಅಕ್ಕ, ಎಲ್ಲಾ ಹೋಗಿಬಿಡತ್ತೆ. ನನ್ನ ಹತ್ರ ಒಂದು ಪ್ರತಿ ಇಟ್ಕೊಳ್ಳಲಾ?"

"ಬೇಡ. ಇದೆ ಅಂತ ಗೊತ್ತಾದ್ರೆ ನಾಳೆ ಇನ್ಯಾರೋ ಕೇಳ್ತಾರೆ. ಎಲ್ಲೂ ಬೇಡ. ಅಳಿಸು."

"ಇವರು…"

"ತಂಗಚ್ಚಿ, ಅವನು ಎಷ್ಟು ಹೊತ್ತು ತಡ್ಕೊತಾನೆ? ಅಳಿಸು."

ನಿಜವಾಗಿಯೂ ಅಳಿಸಬೇಕೇ ಎಂದು ಯಂತ್ರ ಸ್ವೀಡಿಷಿನಲ್ಲಿ ಕೇಳಿತು. ಅದೂ ಗೋಡೆಯ ಮೇಲೆ, ದೊಡ್ಡ ಅಕ್ಷರದಲ್ಲಿ, ಎಲ್ಲರ ಎದುರು. ಹೌದು ಎಂದೆ. ಕೆಂಪು ಚುಕ್ಕೆಗಳೆಲ್ಲ ಹೋದವು. ಬೆಟ್ಟ ಮಾತ್ರ ಉಳಿಯಿತು. ಚಮಚದ ಸದ್ದು ನಿಂತಿತ್ತು.

"ಏನಾಯ್ತು? ಏನಾದ್ರೂ ಕೆಟ್ಟಿತಾ?" ವ್ಯಾಪಾರಿ ಓಡಿ ಬಂದ.

ಅಕ್ಕ ಅವನತ್ತ ತಿರುಗಿದರು. ಕೆಲಸದ ಮನೆಯಲ್ಲಿ ರೋಗಿಗಳ ಬಂಧುಗಳ ಜೊತೆ ಮಾತಾಡುವ ಸಮಾಧಾನದ ಸ್ವೀಡಿಷ್‌ನಲ್ಲಿ ಹೇಳಿದರು. "ಏನೂ ಕೆಟ್ಟಿಲ್ಲ. ನಾನೇ ಅಳಿಸೋಕೆ ಹೇಳಿದೆ. ನನ್ನ ತಮ್ಮನನ್ನು ಠಾಣೆಯಲ್ಲಿ ಕೂರಿಸಿದ್ದಾರೆ. ಈ ಕಾಫಿ ಬೆಳೆದವರ ಮನೆ ಯಾವುದು ಅಂತ ಕೇಳ್ತಿದ್ದಾರೆ. ನೀವು ಕೇಳಿದ್ದೂ ಅದನ್ನೇ. ನಿಮ್ಮದು ಒಳ್ಳೆಯದಕ್ಕೆ, ಅವರದು ಕೆಟ್ಟದ್ದಕ್ಕೆ. ನಕ್ಷೆ ಮಾತ್ರ ಒಂದೇ."

ಅವನು ಗೋಡೆಯ ಮೇಲಿನ ಚುಕ್ಕೆಯಿಲ್ಲದ ಬೆಟ್ಟವನ್ನು ನೋಡಿದ. "ಇದಿಲ್ಲದೆ ನಾನು ಕೊಳ್ಳೋಕಾಗಲ್ಲ," ಎಂದ.

"ಗೊತ್ತು."

ಯಾರೂ ಕೆಟ್ಟ ಮಾತಾಡಲಿಲ್ಲ. ಆಮದುದಾರ ಕೋಟು ಹಾಕಿಕೊಂಡ. ಒಬ್ಬೊಬ್ಬರೇ ಹೊರಟರು. ಅಕ್ಕ ಮೇಜಿನ ಮೇಲಿನ ಬಟ್ಟಲುಗಳನ್ನು ಒಂದರೊಳಗೊಂದು ಜೋಡಿಸತೊಡಗಿದರು. ಒಂದು ಜಾರಿ ಒಡೆಯಿತು. ವ್ಯಾಪಾರಿಯೇ ಬಗ್ಗಿ ಚೂರು ಆಯ್ದ.

ಉಪ್ಸಾಲಾ ನಿಲ್ದಾಣದಲ್ಲಿ ಎರಡು ರೈಲು ಬಿಟ್ಟೆವು. ದಾರಿಯ ಸುರಂಗದಲ್ಲಿ ಮತ್ತೆ ಸಿಗ್ನಲ್ ಹೋಗುತ್ತದೆಂದು ಅಕ್ಕ ಹತ್ತಲು ಒಪ್ಪಲಿಲ್ಲ. ಚಳಿಯಲ್ಲಿ ಬೆಂಚಿನ ಮೇಲೆ ಕೂತಿದ್ದೆವು. ನಾನು ತಂದ ಬನ್ನು ಅವರ ಕೈಯಲ್ಲೇ ಗಟ್ಟಿಯಾಯಿತು. ನಾವು ಅಳಿಸುವ ಮೊದಲೇ ಅವನು ಲಾಕ್ ತೆಗೆದಿದ್ದರೆ? ಆ ಪ್ರಶ್ನೆ ನನ್ನ ತಲೆಯಲ್ಲಿ ತಿರುಗುತ್ತಿತ್ತು. ಅವರ ತಲೆಯಲ್ಲೂ ಅದೇ ಇದ್ದಿರಬೇಕು.

ಕೊನೆಗೆ ಫೋನು ಬಂತು. ತಮ್ಮನೇ. ಬಿಟ್ಟಿದ್ದರು. ಮಧ್ಯಾಹ್ನವೆಲ್ಲ ತಡೆದುಕೊಂಡು, ಇನ್ನು ಆಗದೆಂದು ಲಾಕ್ ತೆಗೆದಿದ್ದನಂತೆ. ನಕ್ಷೆ ತೆರೆದಾಗ ಬರೀ ಬೆಟ್ಟವಿತ್ತಂತೆ. ಏನೂ ಇಲ್ಲದ್ದನ್ನು ಅವರಿಗಿಂತ ಹೆಚ್ಚು ಬೆರಗಿನಿಂದ ನೋಡಿದವನು ತಾನೇ ಎಂದ. ಅಕ್ಕ ಉಸಿರು ಬಿಟ್ಟರು. ನಗುತ್ತಾ ಅಳತೊಡಗಿದರು. ಆಗ ಅವನು ಕೇಳಿದ, "ಅಕ್ಕ, ಕಾಫಿ ಏನಾಯ್ತು?"

ಅಕ್ಕ ಹೇಳಿದರು. ಆಮೇಲೆ ಅವನು ಕೂಗಾಡಿದ್ದು ನನಗೆ ಅರ್ಧ ಅರ್ಥವಾಯಿತು, ಅರ್ಧ ಆಗಲಿಲ್ಲ. ಒಂದು ಮಾತು ಮಾತ್ರ ಸ್ಪಷ್ಟವಾಗಿ ಕೇಳಿಸಿತು. "ನಾನು ಪೆಟ್ಟು ತಿಂದಿದ್ದು ಯಾವುದಕ್ಕೆ ಹಾಗಾದ್ರೆ?"

ಮಂಚದ ಕೆಳಗಿನ ಕಾಫಿಯನ್ನೆಲ್ಲ ಪೇಟೆಯ ಸಾಹುಕಾರ ಅಗ್ಗಕ್ಕೆ ಒಯ್ದು ಬೇರೆ ಬೀಜದ ಜೊತೆ ಬೆರೆಸಿಬಿಟ್ಟ. ತಮ್ಮ ಅಕ್ಕನ ಜೊತೆ ಮಾತು ಬಿಟ್ಟ. ಅಕ್ಕ ಕೆಲಸ ಮುಗಿಸಿ ಬಂದು ದೀಪ ಹಾಕದೆ ಕೂರುತ್ತಿದ್ದರು. ಒಂದು ದಿನ ಕೇಳಿದರು, "ನಾನು ಮಾಡಿದ್ದು ಸರಿನಾ?" ಗಿಡಗಳು ಉಳಿದವಲ್ಲ ಎಂದೆ. "ಗಿಡ ಉಳೀತು. ಆ ವರ್ಷ ಮಕ್ಕಳು ಏನು ತಿಂದ್ರು?" ಎಂದರು.

ಬೇಸಿಗೆಯಲ್ಲಿ ಅವರು ಮನೆ ಮಾರಲು ಇಟ್ಟರು. ನಮಗೆಲ್ಲ ದಿಗಿಲಾಯಿತು. ಇಷ್ಟು ವರ್ಷದ ಮೇಲೆ, ಅದೂ ಆ ಕಷ್ಟದ ಕಾಲದಲ್ಲಿ ದ್ವೀಪಕ್ಕೆ ವಾಪಸ್ಸೇ? ಅಕ್ಕ ಒಂದೇ ಮಾತು ಹೇಳಿದರು. "ಯಾರೂ ಎಬ್ಬಿಸೋಕಾಗದ ನೆಲದಲ್ಲಿ ಆ ಗಿಡ ಒಂದು ಸಲ ನಿಲ್ಲಬೇಕು." ಊರಿಗೆ ಮರಳಿ, ಮನೆ ಮಾರಿದ ದುಡ್ಡಿನಲ್ಲಿ ಎಸ್ಟೇಟಿನ ಎಲ್ಲೆಯ ಆಚೆ, ಹಿಂದೆ ತರಕಾರಿ ಬೆಳೆಯುತ್ತಿದ್ದ ಒಂದು ಇಳಿಜಾರನ್ನು ತಮ್ಮನ ಹೆಂಡತಿಯ ಹೆಸರಿನಲ್ಲಿ ಕೊಂಡರು. ತಮ್ಮ ಮೊದಲು ಆ ಕಡೆ ತಲೆ ಹಾಕಲಿಲ್ಲವಂತೆ. ಅಕ್ಕ ಗುದ್ದಲಿ ಹಿಡಿದು ಗುಣಿ ತೋಡುವುದನ್ನು ರಸ್ತೆಯಲ್ಲಿ ನಿಂತು ನೋಡಿ ಹೋದನಂತೆ. ಮಾರನೆಯ ದಿನ ಬಂದು, ಮಾತಾಡದೆ, ಅವರ ಕೈಯಿಂದ ಗುದ್ದಲಿ ಇಸಿದುಕೊಂಡನಂತೆ. ಲೈನ್ ಮನೆಗಳ ಹೆಂಗಸರು ತಂತಮ್ಮ ಹಿತ್ತಿಲ ಗಿಡದ ಸಸಿಗಳನ್ನು ತಂದು ನೆಟ್ಟರು. ಯಾರ ಸಸಿಯ ಹಣ್ಣು ಅವರಿಗೇ ಎಂದು ಮಾತಾಯಿತು.

ವಿಡಿಯೋ ಕರೆಯಲ್ಲಿ ಅಕ್ಕ ಫೋನನ್ನು ಸಸಿಗಳ ಮೇಲೆ ಆಡಿಸುತ್ತಿದ್ದರು. "ಎಲೆ ತಿರುಗಿಸಿ ನೋಡ್ತೀನಿ ದಿನಾ. ತುಕ್ಕು ಬಂದಿಲ್ಲ," ಎನ್ನುತ್ತಿದ್ದರು. ಕಪ್ಪಾಗಿದ್ದರು, ತೆಳ್ಳಗಾಗಿದ್ದರು. ಎದೆಯಲ್ಲಿ ಏನೋ ಹಿಡಿದ ಹಾಗಾಗುತ್ತದೆ ಎಂದದ್ದನ್ನು ಏರು ಹತ್ತುವ ಆಯಾಸವೆಂದು ನಾನೂ ತಿಳಿದೆ, ಅವರೂ ತಿಳಿದರು. ಗಿಡಗಳು ಮೊದಲ ಹೂ ಬಿಟ್ಟ ವಾರ ಅವರು ಅಲ್ಲೇ ಇಳಿಜಾರಿನಲ್ಲಿ ಕುಸಿದರು. ಪಟ್ಟಣದ ಆಸ್ಪತ್ರೆಗೆ ಒಯ್ಯುವ ತಿರುವಿನ ದಾರಿಯಲ್ಲೇ ಹೋಗಿಬಿಟ್ಟರು. ತಮ್ಮ ಫೋನು ಮಾಡಿ ಹೇಳಿದ್ದು ಇಷ್ಟೇ. "ಹೂ ನೋಡಿದ್ಲು. ಹಣ್ಣು ನೋಡ್ಲಿಲ್ಲ."

ಈ ವರ್ಷ ಹಣ್ಣಾಯಿತು. ಉಪ್ಸಾಲಾದ ವ್ಯಾಪಾರಿಯೇ ಕೊಂಡ. ಈಗ ಅವನಿಗೆ ಬೇಕಾದ ನಕ್ಷೆಯಲ್ಲಿ ಮುಚ್ಚಿಡುವಂಥದ್ದೇನೂ ಇಲ್ಲ. ಪೊಟ್ಟಣದ ಮೇಲೆ ಅಕ್ಕನ ಹೆಸರು ಹಾಕಲೇ ಎಂದು ನನ್ನನ್ನು ಕೇಳಿದ. ತಮ್ಮನನ್ನು ಕೇಳಿದೆ. ಬೇಡ, ಸಸಿ ಕೊಟ್ಟವರ ಹೆಸರು ಹಾಕಲಿ, ಅಕ್ಕ ಇದ್ದಿದ್ದರೆ ಅದನ್ನೇ ಹೇಳುತ್ತಿದ್ದಳು ಎಂದ. ಹಾಗೇ ಆಯಿತು.

ನಮ್ಮ ಕಟ್ಟಡದ ಕೆಳಮನೆಯಲ್ಲಿ ತೊಂಬತ್ತು ದಾಟಿದ ಒಬ್ಬ ಸ್ವೀಡಿಷ್ ಅಜ್ಜಿ ಇದ್ದಾರೆ. ಅಕ್ಕ ಇಲ್ಲಿದ್ದಾಗ ಕೆಲಸಕ್ಕೆ ಹೊರಡುವ ಮುನ್ನ ಅವರ ತಲೆ ಬಾಚಿ ಹೋಗುತ್ತಿದ್ದರು. ಅಜ್ಜಿಗೆ ಈಗ ಮರೆವು. ನನ್ನನ್ನು ಕಂಡಾಗಲೆಲ್ಲ "ಅವಳು ಯಾವಾಗ ಬರ್ತಾಳೆ?" ಎಂದು ಕೇಳುತ್ತಾರೆ. ಎರಡು ಸಲ ನಿಜ ಹೇಳಿದೆ. ಎರಡು ಸಲವೂ ಆಗಷ್ಟೇ ಕೇಳಿದವರ ಹಾಗೆ ಅವರು ಬಾಗಿಲ ಚೌಕಟ್ಟು ಹಿಡಿದು ಅತ್ತರು. ನಿನ್ನೆ ಮತ್ತೆ ಕೇಳಿದರು.

"ಕಾಫಿ ಕೊಯ್ಲಿನಲ್ಲಿದ್ದಾರೆ," ಎಂದೆ.

"ಓ. ಬೆಳೆ ಚೆನ್ನಾಗಿದೆಯಾ?"

"ಚೆನ್ನಾಗಿದೆ," ಎಂದೆ. ಅಷ್ಟಂತೂ ನಿಜ.